ಮುದ್ದೆ ಮೆತ್ತಿದ ಬಟ್ಟಿ

ಮಧ್ಯಾಹ್ನ ಸರಿಯಾಗಿ ಮೂರೂಕಾಲಿಗೆ ಪಕ್ಕದ ಮನೆಯ ಮಾವ ಬಟ್ಟಿಯ ಮುಚ್ಚಳದ ತೂತಿಗೆ ರಾಗಿಮುದ್ದೆ ಮೆತ್ತಿದ. ಕೆಡಲು ಶುರುವಾದದ್ದು ಆಗ. ಈಗಲೂ ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ನಾನು ಮೊದಲು ತಲೆ ಬಗ್ಗಿಸುತ್ತೇನೆ, ಆಮೇಲೆ ಏನು ಬಿತ್ತೆಂದು ಕೇಳುತ್ತೇನೆ.

ಯುದ್ಧದ ಕಾಲ. ಬೆಳಕವಾಡಿಯ ಹತ್ತಿರ ನಮ್ಮ ಸೋದರತ್ತೆಗೆ ಒಂದು ಎಲೆತೋಟವಿತ್ತು. ಗಂಡ ಸತ್ತ ಮೇಲೆ ಅವಳ ಆಸ್ತಿ, ಸಂಸಾರ, ಜಗಳ ಎಲ್ಲವೂ ಆ ವೀಳ್ಯದೆಲೆ ಬಳ್ಳಿಗಳೇ. ಆ ವರ್ಷ ಮಳೆ ಹಿಡಿದಾಗ ಎಲೆಗಳ ಮೇಲೆ ನೀರಲ್ಲಿ ನೆಂದಂಥ ಚುಕ್ಕೆಗಳೆದ್ದು, ಕಪ್ಪಾಗಿ, ಎಲೆ ಉದುರತೊಡಗಿತು. ಹೊಡೆಯಲು ಮೈಲುತುತ್ತ ಬೇಕು, ತಾಮ್ರದ ಆ ನೀಲಿ ಉಪ್ಪು. ಮಳವಳ್ಳಿ, ಮದ್ದೂರು, ಮಂಡ್ಯ ಮೂರೂ ಕಡೆ ಅಂಗಡಿಯವರು "ಯುದ್ಧಕ್ಕೆ ಹೋಯ್ತು" ಎಂದರು, ಮೈಲುತುತ್ತವೇ ಬಂದೂಕು ಹಿಡಿದು ಹೊರಟಿದೆ ಎಂಬಂತೆ.

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಂದು ಕೆಲಸವಿಲ್ಲದೆ ಕೂತಿದ್ದೆ. ಇದು ಬೂಷ್ಟಿನ ರೋಗವಲ್ಲ, ಬ್ಯಾಕ್ಟೀರಿಯಾದ್ದು ಎಂದು ತೀರ್ಪು ಕೊಟ್ಟೆ. ಅಲ್ಲವೆನ್ನಲು ಊರಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ನಿಂಬೆಯ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆ ಇಂಥ ಜೀವಿಗಳನ್ನು ಕೊಲ್ಲುತ್ತದೆಂದು ಮೇಷ್ಟರೊಬ್ಬರು ಹೇಳಿದ್ದರು. ತೋಟದ ಮಗ್ಗುಲಿನ ಗುಡಿಸಲಲ್ಲಿ ತಾಮ್ರದ ಹಂಡೆ ಒಲೆಗೇರಿಸಿ, ನೀರು, ಹುಲ್ಲು ತುಂಬಿ, ಮುಚ್ಚಳಕ್ಕೆ ಕೊಳವೆ ಸಿಕ್ಕಿಸಿ, ಅದನ್ನು ತಣ್ಣೀರಿನ ತೊಟ್ಟಿಯೊಳಗೆ ಹಾಯಿಸಿ ಸೀಸೆಗೆ ಬಿಟ್ಟೆ. ಸಂದುಗಳಿಗೆ ಅತ್ತೆ ಮುದ್ದೆ ಮೆತ್ತಿದಳು. ಹಬೆ ಹೆಚ್ಚಾದರೆ ಹೋಗಲೆಂದು ಮುಚ್ಚಳದಲ್ಲೊಂದು ತೂತು ಬಿಟ್ಟು, ಅದರ ಮೇಲೆ ಕಲ್ಲುಚೂರು ಇಟ್ಟಿದ್ದೆ.

ಎಲ್ಲ ಹಾಳಾದದ್ದು ಒಂದು ಮಾತಿನಿಂದ. ಅತ್ತೆ ಯಾರಿಗೋ "ನಮ್ಮುಡ್ಗ ಬಟ್ಟಿ ಇಳಿಸ್ತಾನೆ" ಎಂದಿದ್ದಳು. ನಮ್ಮ ಕಡೆ ಬಟ್ಟಿಯಿಂದ ಇಳಿಯುವುದು ಒಂದೇ. ಊರ ಗಂಡಸರು ಚೊಂಬು, ಲೋಟ, ಒಬ್ಬನಂತೂ ಕೊಡವನ್ನೇ ಹಿಡಿದು ಬಂದು ಭಕ್ತಿಯಿಂದ ಕೂತರು.

"ಏನ್ಲಾ ಮಗ, ನಮ್ಗೂ ಒಸಿ ಬುಡು" ಎಂದ ಮಾವ.

"ಕುಡಿಯೋದಲ್ಲ ಮಾವ, ಎಲೆಗೆ ಹಾಕೋದು."

"ಎಲೆಗ್ ಆಕಾದಾ? ಬಳ್ಳಿ ತೂರಾಡ್ಕಂಡ್ ಬೆಳೀಬೇಕೇನ್ಲಾ?"

ಹುಲ್ಲಿನ ಚೂರು ಕೊಳವೆಗೆ ಸಿಕ್ಕಿರಬೇಕು, ಹಬೆ ಕಲ್ಲನ್ನು ಕುಣಿಸತೊಡಗಿತು. ನಾನು ಸೌದೆ ಎಳೆಯಲು ಬಗ್ಗಿದೆ. "ಅಯ್ಯೋ, ಮಾಲೆಲ್ಲಾ ಗಾಳಿಗೋಯ್ತದೆ ಕಣ್ಲಾ!" ಎಂದು ಮಾವ ಕಲ್ಲನ್ನು ತಳ್ಳಿ, ಮಿಕ್ಕಿದ್ದ ಮುದ್ದೆಯನ್ನು ತೂತಿಗೆ ಬಡಿದ. ನಮ್ಮೂರ ಮುದ್ದೆ ಅದು. ಹೊಟ್ಟೆಯಲ್ಲಿ ಕರಗಲೇ ದಿನವಿಡೀ ಬೇಕು, ಹಬೆಗೆಲ್ಲಿ ಜಗ್ಗೀತು? ಕೋಲಿನಿಂದ ಕೀಳಲು ಹೋದೆ, ಕೋಲೇ ಮುರಿಯಿತು. ಎಲ್ಲರನ್ನೂ ಹೊರಗಟ್ಟಿದೆ. ಅತ್ತೆ ಮಾತ್ರ ಎಣ್ಣೆಯ ಸೀಸೆ ತರಲು ಮತ್ತೆ ಒಳಗೆ ನುಗ್ಗಿದಳು.

ಧಡ್ ಎಂದಿತು. ಮುಚ್ಚಳ, ಸೀಸೆಗೆಂದು ಬಗ್ಗಿದ ಅವಳ ಕಿವಿಯ ಪಕ್ಕದಲ್ಲೇ ಹಾದು ಸೋಗೆಯ ಸೂರು ಸೀಳಿಕೊಂಡು ಹೋಯಿತು. ಕೆಂಡ ಚದುರಿ ಗುಡಿಸಲಿಗೆ ಬೆಂಕಿ ಹತ್ತಿತು. ಅಲ್ಲಿಂದ ಮೊದಲ ಸಾಲಿನ ಬಳ್ಳಿಗೆ ಒಂದು ಮಾರು ದೂರ. ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ: ಕಿವಿ, ಮುಚ್ಚಳ, ನಡುವೆ ನಾಲ್ಕು ಬೆರಳು. ನನ್ನ ಕಣ್ಣೊಳಗೆ ಪ್ರತಿ ಸಲವೂ ಅವಳು ಸ್ವಲ್ಪ ತಡವಾಗಿ ಬಗ್ಗುತ್ತಾಳೆ.

ಸಾರಾಯಿಗೆಂದು ಬಂದ ಚೊಂಬುಗಳೆಲ್ಲ ಕಾಲುವೆಗೆ ಓಡಿದವು. ಗುಡಿಸಲು ಹೋಯಿತು, ಬಳ್ಳಿ ಉಳಿಯಿತು. ಅತ್ತೆ ಹುಬ್ಬು ಸುಟ್ಟುಕೊಂಡು, ಮುಖದ ತುಂಬ ಮಸಿ ಬಳಿದುಕೊಂಡು ಹೊರಬಂದಳು. ಸೆರಗಿನಲ್ಲಿ ಸೀಸೆ.

"ಅತ್ತೆ, ಏನೂ ಆಗ್ಲಿಲ್ವಾ?"

"ಒಂದ್ ತೊಟ್ಟೂ ಚೆಲ್ಲಿಲ್ಲ ಕಣ್ಲಾ" ಎಂದಳು. ಆಮೇಲೆ ಮಾವನ ಕಡೆ ತಿರುಗಿ, "ಲೇ ಮೂದೇವಿ, ಮುದ್ದೆ ಇಕ್ಕಕೆ ಬಾಯಿಲ್ವಾ ನಿಂಗೆ? ತೂತೇ ಬೇಕಾಗಿತ್ತಾ?"

ಅಂಟುವಾಳದ ನೀರಿನಲ್ಲಿ ಎಣ್ಣೆ ಕದಡಿ ಪೊರಕೆಯಿಂದ ಚಿಮುಕಿಸಿದೆವು. ಕೆಟ್ಟ ಎಲೆಗಳನ್ನು ಕಿತ್ತು ಸುಟ್ಟೆವು. ಆಮೇಲೆ ಕಾಯುವುದು. ರಾತ್ರಿಯೆಲ್ಲ ನಾನು ಇಲಿಯ ಸದ್ದಿಗೂ ಬೆಚ್ಚಿ ಏಳುತ್ತಿದ್ದೆ. ಎದ್ದಾಗಲೆಲ್ಲ ಅತ್ತೆ ಬಳ್ಳಿಯ ಚಿಂತೆಯಲ್ಲಿ ಕೂತೇ ಇರುತ್ತಿದ್ದಳು.

ಹೊಸ ಎಲೆ ಚುಕ್ಕೆಯಿಲ್ಲದೆ ಬಂತು. ಎಣ್ಣೆಯಿಂದಲೋ, ಕೆಟ್ಟದ್ದನ್ನು ಕಿತ್ತದ್ದರಿಂದಲೋ, ಮಳೆ ನಿಂತದ್ದರಿಂದಲೋ ನಾನು ಹೇಳಲಾರೆ. ಅತ್ತೆ ಎಣ್ಣೆಯಿಂದಲೇ ಎಂದಳು. ಹುಬ್ಬು ಕಳೆದುಕೊಂಡವಳಿಗೆ ಎದುರಾಡುವುದು ಹೇಗೆ? ಹೊಸ ಎಲೆಯ ಮೊದಲ ಕಟ್ಟುಗಳು ಮಳವಳ್ಳಿ ಸಂತೆಗೆ ಹೋದ ದಿನ ಅವಳು ಉಂಡವಳೇ ಉರುಳಿಕೊಂಡು ಗೊರಕೆ ಹೊಡೆದಳು. ಆ ಗೊರಕೆಗೆ ಬೆಚ್ಚದೆ ನಾನೂ ಮಲಗಿದೆ. ಇಬ್ಬರಿಗೂ ಎಚ್ಚರವಾದಾಗ ಬಿಸಿಲು ಮನೆಯೊಳಗೆ ಬಂದಿತ್ತು.