ಬಸ್ಸು ತುಳಿದ ಎಲೆ

"ಎಡಕ್ಕೆ ಕಣ್ಲಾ! ಇನ್ನೂ ಒಸಿ ಎಡಕ್ಕೆ ಹತ್ಸು!"

ಮಾಗಡಿಯಿಂದ ರಾಮನಗರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಒಂದು ಹಂಪ್ಸ್ ಇದೆ. ಬೆಳಗಿನ ಬಸ್ಸುಗಳು ಅಲ್ಲಿ ನಿಧಾನಿಸುವ ಹೊತ್ತಿಗೆ ಖಾಕಿ ಪ್ಯಾಂಟು, ಬನಿಯನ್ನು ತೊಟ್ಟು, ಕೊರಳಿಗೆ ಟವೆಲ್ಲು ಸುತ್ತಿಕೊಂಡ ಹಿರಿಯರೊಬ್ಬರು ರಸ್ತೆಯಂಚಿನಲ್ಲಿ ನಿಂತು ಹೀಗೆ ಕೂಗುತ್ತಿದ್ದರು. ಅವರ ಮುಂದೆ ಟಾರಿನ ಮೇಲೆ ಉದ್ದಕ್ಕೂ ಹೊಂಗೆಯ ಒಣ ಎಲೆ ಹರಡಿರುತ್ತಿತ್ತು. ಹುರುಳಿಯನ್ನೋ ರಾಗಿಯನ್ನೋ ರಸ್ತೆಗೆ ಹಾಸಿ ಬಸ್ಸು ಲಾರಿಗಳಿಂದ ಒಕ್ಕಣೆ ಮಾಡಿಸುವುದು ನಮ್ಮ ಕಡೆ ಹೊಸದಲ್ಲ. ಎಲೆಯನ್ನು ಒಕ್ಕಿಸಿದವರು ಮಾತ್ರ, ನಾನು ಕಂಡಂತೆ, ಚಿಕ್ಕರಂಗಯ್ಯನವರೊಬ್ಬರೇ.

ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಸರ್ವಿಸಿನ ಉದ್ದಕ್ಕೂ, ರಸ್ತೆಯಲ್ಲಿ ಹುರುಳಿ ಹಾಸಿದವರ ವಂಶವನ್ನೆಲ್ಲ ಜಾಲಾಡಿದ ಬಾಯಿ ಅದು. ಈಗ ಅವರ ಕೈಕೆಳಗೆ ಪಳಗಿದ ಹುಡುಗರೇ ಸ್ಟೇರಿಂಗ್ ಹಿಂದೆ ಕೂತು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದರು.

"ಏನಣ್ಣೋ, ಬರೀ ಎಲೆ ಹಾಸಿದ್ದೀಯಲ್ಲ, ಕಾಳೆಲ್ಲಿ?"

"ಕಾಳು ಮುಂದ್ಕೆ ಬತ್ತದೆ. ನೀನು ತುಳ್ಕಂಡು ಹೋಗ್ಲಾ!"

ನಾನು ಆಗ ಅವರ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆ. ದಿನಾ ಬಸ್ಸು ಹತ್ತಿ ರಾಮನಗರದ ಹೈಸ್ಕೂಲಿಗೆ ಕನ್ನಡ ಪಾಠ ಮಾಡಲು ಹೋಗುತ್ತಿದ್ದೆ. ಮಹಡಿಯಲ್ಲಿ ಅವರೂ ಅವರ ಹೆಂಡತಿ ಗೌರಮ್ಮನವರೂ. ಅದರ ಮೇಲಿನ ತಾರಸಿಯಲ್ಲಿ, ಬಣ್ಣ ಬಳಿದು ಖಾಲಿಯಾದ ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ಒಂದೊಂದರ ತಳಕ್ಕೂ ಕಾದ ಕಬ್ಬಿಣದಿಂದ ತೂತು ಮಾಡಿದ್ದರು. ಅವರೆ ಬೆಳೆಯಲು.

ಮಾಗಡಿಯಲ್ಲಿ ಅವರೆಕಾಯಿಯ ಕಾಲಕ್ಕೆ ಬೀದಿ ಬೀದಿಯೇ ಹಿತಕವರೆ ಸಾರಿನಿಂದ ಘಮ್ಮೆನ್ನುತ್ತದೆ. ನಮ್ಮ ಮಹಡಿಯಿಂದ ಮಾತ್ರ ಆ ವಾಸನೆ ಇಳಿಯುತ್ತಿರಲಿಲ್ಲ. ಗೌರಮ್ಮನವರ ತವರು ತಿಪ್ಪಸಂದ್ರದ ಕಡೆ. ಅಲ್ಲಿಂದ ವರ್ಷ ವರ್ಷವೂ ಮೂಟೆಗಟ್ಟಲೆ ಸೊಗಡಿನ ಅವರೆ ಬರುತ್ತಿತ್ತು. ಮುಟ್ಟಿದರೆ ಬೆರಳಿಗೆ ಅಂಟಾಗಿ, ಕೈ ತೊಳೆದರೂ ಘಮ ಬಿಡದಂಥದ್ದು. ಅಣ್ಣತಮ್ಮಂದಿರು ಹೊಲವನ್ನು ಸೈಟು ಮಾಡಲು ಕೊಟ್ಟ ಮೇಲೆ ಅದು ನಿಂತಿತು. ಅವತ್ತಿನಿಂದ ಈಕೆ ಅವರೆಯನ್ನು ಮನೆಯೊಳಕ್ಕೇ ಬಿಟ್ಟುಕೊಂಡಿರಲಿಲ್ಲ. ಗಂಡ ಸಂತೆಯಿಂದ ತಂದರೆ ಒಂದು ಕಾಯಿ ಉಜ್ಜಿ ಮೂಸಿ, "ಸೊಗಡೇ ಇಲ್ಲ, ಎಮ್ಮೆಗಾಕಿ" ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಮನೆಯಲ್ಲಿ ಎಮ್ಮೆ ಇರಲಿಲ್ಲ.

ಹೆಂಡತಿಯ ಆ ಮುನಿಸು ಅವರೆಯ ಮೇಲಿನದಲ್ಲ, ಹೋದ ತವರಿನದು ಎಂದು ರಂಗಯ್ಯನವರಿಗೆ ಗೊತ್ತಿತ್ತು. ಅದಕ್ಕೇ ಪಣ ತೊಟ್ಟಿದ್ದರು: ತಾರಸಿಯ ಬಕೆಟ್ಟಿನಲ್ಲಿ ತಿಪ್ಪಸಂದ್ರದ ಸೊಗಡು ಬರಿಸಬೇಕು, ಈಕೆ ಅದನ್ನು ತಮ್ಮ ಕೈಯಾರೆ ಬಿಡಿಸಿ ಸಾರು ಮಾಡಬೇಕು.

"ಬಕೀಟಲ್ಲಿ ಸೊಗಡು ಬಂದ್ರೆ ನಾನು ನಿಮ್ಮ ಬಸ್ಸೇ ಓಡಿಸ್ತೀನಿ ಬುಡಿ," ಎಂದಿದ್ದರಂತೆ ಗೌರಮ್ಮ.

ಮೊದಲ ಸಲ ಬರೀ ಕೆಮ್ಮಣ್ಣು ತುಂಬಿ, ಬಸ್ಸಿಗೆ ಜನರನ್ನು ತುರುಕಿದಂತೆ ಕಾಲಲ್ಲಿ ಅದುಮಿದರು. ಬಿಸಿಲಿಗೆ ಅದು ಇಟ್ಟಿಗೆಯಾಯಿತು. ಮರುವರ್ಷ ಹಸಿ ಸಗಣಿ ಸುರಿದರು. ಬಳ್ಳಿ ಟಿ.ವಿ. ಆಂಟೆನಾ ದಾಟಿ ನನ್ನ ಬಟ್ಟೆ ಒಣಗುವ ತಂತಿಗೂ ಹಬ್ಬಿತು. ಹೂವು ಮಾತ್ರ ಇಲ್ಲ. ಸೋತು ಕೂತವರಿಗೆ ಹಳೆಯ ರೂಟು ನೆನಪಾಯಿತು. ಗಾಡಿ ಕೆಟ್ಟಾಗಲೆಲ್ಲ ಅವರು ರಸ್ತೆ ಬದಿಯ ಹೊಂಗೆಯ ಬುಡದಲ್ಲಿ ಕೂರುತ್ತಿದ್ದರಂತೆ. ಕೆದಕಿದರೆ ಎಲೆ ಕೊಳೆತು ಕಪ್ಪಾದ, ಹಗುರವಾದ, ಮೊದಲ ಮಳೆಯ ವಾಸನೆಯ ಮಣ್ಣು.

"ಆ ಮರಕ್ಕೆ ಯಾವೋನು ಗೊಬ್ರ ಹಾಕ್ದ ಮೇಷ್ಟ್ರೇ? ಅದುರ್ ಎಲೇನೇ ಅದಕ್ಕೆ ಡೀಸಲ್ಲು. ಆದ್ರೆ ಇಡೀ ಎಲೆ ಒಂದ್ರ ಮ್ಯಾಲೊಂದು ಅಂಟ್ಕಂಡು ಕೂತ್ಕತ್ತದೆ, ಗಾಳಿ ಆಡಕಿಲ್ಲ. ಚೂರಾದ್ರೆ ಬಿರ್ರನೆ ಮಣ್ಣಾಯ್ತದೆ."

ಹಾಗೆ ಶುರುವಾದದ್ದು ಹಂಪ್ಸಿನ ಒಕ್ಕಣೆ. ಚೂರಾದ ಎಲೆಯನ್ನು ಗುಡಿಸಿ, ನೀರು ಚಿಮುಕಿಸಿ, ಗೋಣಿಚೀಲಕ್ಕೆ ತುಂಬಿ ತಾರಸಿಯ ನೆರಳಲ್ಲಿಡುತ್ತಿದ್ದರು. ಆಗಾಗ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, "ಇಂಜಿನ್ ಬೆಚ್ಚಗೈತೆ" ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಕೇಳಲು ನನಗಿಷ್ಟವಿದೆಯೋ ಇಲ್ಲವೋ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ನನಗೆ ನಿಜವಾಗಿ ಇಷ್ಟವಿತ್ತು.

ಯುಗಾದಿ ಕಳೆದ ಮೇಲೆ ಅವರು ದೊಡ್ಡಮಳೂರಿಗೆ ಮದುವೆಗೆಂದು ಹೋಗಿ ಎರಡು ದಿನ ಉಳಿದರು. ಗೌರಮ್ಮ ಚೀಲವೊಂದರ ಬಾಯಿ ಬಿಚ್ಚಿ ನೋಡಿದ್ದಾರೆ: ಒಳಗೆಲ್ಲ ಬಿಳೀ ಬೂಷ್ಟು, ಜೇಡರ ಬಲೆಯ ಹಾಗೆ. ರಾಗಿಗೆ ಬೂಷ್ಟು ಹಿಡಿದರೆ ಒಕ್ಕಲಿನ ಮನೆಯ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡಿದರು. ಅಷ್ಟೂ ಚೀಲವನ್ನು ತಾರಸಿಗೆ ಸುರಿದು, ಕೈಯಾಡಿಸಿ, ಉರಿಬಿಸಿಲಿಗೆ ಒಣಹಾಕಿದರು. ಮಧ್ಯಾಹ್ನ ಎದ್ದ ಗಾಳಿಗೆ ಅರ್ಧ ಎಲೆ ನಮ್ಮ ಬೀದಿಯ ಪಾಲಾಯಿತು. ನನ್ನ ಅನ್ನದ ತಟ್ಟೆಗೂ ಒಂದಿಷ್ಟು ಬಂತು.

ಸಂಜೆ ಬಂದ ರಂಗಯ್ಯನವರು ಬಯ್ಯಲಿಲ್ಲ. ಒಣಗಿದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು, "ಆ ಬಿಳೀದೇ ಕಣಮ್ಮಿ ಇದುರ್ ಜೀವ. ಅದೇ ಎಲೇನ ಮಣ್ಣು ಮಾಡೋದು" ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕೂತರು.

ಮರುದಿನ ಬೆಳಿಗ್ಗೆ ಗೌರಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿದರು. ಹೊಲ ಹೋದ ಮೇಲೆ ಕಾಲಿಡದಿದ್ದ ತವರೂರಿಗೆ ಹೋದರು. ಸೈಟಿನ ಕಲ್ಲುಗಳ ನಡುವೆ ಹಳೆಯ ಬದುವಿನ ಹೊಂಗೆಮರವೊಂದು ಇನ್ನೂ ಉಳಿದಿತ್ತಂತೆ. ಅದರ ಬುಡದ ಮಣ್ಣು ಕೆದಕಿ, ಒದ್ದೆ ಟವೆಲ್ಲಿನಲ್ಲಿ ಗಂಟು ಕಟ್ಟಿ, ಮಡಿಲಲ್ಲಿಟ್ಟುಕೊಂಡು ಸಂಜೆಗೆ ವಾಪಸು ಬಂದರು. ಗಂಡನ ಮುಂದೆ ಗಂಟು ಬಿಚ್ಚಿದರು. ಅದರ ತುಂಬ ಅದೇ ಬಿಳಿ ಎಳೆಗಳು.

"ಹಾಲಿಗೆ ಹೆಪ್ಪಾಕಂಗೆ ಹಾಕಿ. ಹಿಡ್ಕತ್ತದೆ," ಎಂದರು.

ಉಳಿದ ಪುಡಿಗೂ, ಚರಂಡಿ ಬದಿಯಿಂದ ಬಾಚಿ ತಂದ ಹಳೆಯ ಎಲೆಗೂ ನೀರು ಹೊಡೆದು, ಒಂದೊಂದು ಚೀಲಕ್ಕೆ ಒಂದೊಂದು ಹಿಡಿ ಆ ಮಣ್ಣು ಬೆರೆಸಿದರು. ಹಿಡಿದುಕೊಂಡಿತು! ಮಳೆಗಾಲ ಶುರುವಾಗುವ ಹೊತ್ತಿಗೆ ಚೀಲದಲ್ಲಿದ್ದದ್ದು ಎಲೆಯಲ್ಲ, ಕಪ್ಪು ಮಣ್ಣು; ಎರೆಹುಳು ಅದೆಲ್ಲಿಂದ ಮಹಡಿ ಹತ್ತಿ ಬಂದವೋ. ಕೆಮ್ಮಣ್ಣಿಗೆ ಬೆರೆಸಿ ಬಕೆಟ್ಟು ತುಂಬಿದರು, ಈ ಸಲ ತುಳಿಯದೆ. ಮೇಲೆ ಒಣ ಎಲೆಯ ಹೊದಿಕೆ. ನಾನೊಮ್ಮೆ ಬುದ್ಧಿವಂತನಂತೆ, ಬೆಳೆ ಮುಗಿದ ಮೇಲೆ ಮಣ್ಣು ಬದಲಾಯಿಸಬೇಕಲ್ಲವೇ ಎಂದೆ.

"ಟ್ರಿಪ್ಪು ಮುಗೀತು ಅಂತ ಇಂಜಿನ್ ಬಿಚ್ಚಿ ಬಿಸಾಕ್ತಾರಾ ಮೇಷ್ಟ್ರೇ? ಗಿಡ ಕುಯ್ಕಳದು, ಬೇರು ಒಳಗೇ ಬುಡದು. ಬೇರು ತಿನ್ನೋರು ಒಳಗವ್ರೆ."

ಚಳಿ ಬಿದ್ದಾಗ ತಾರಸಿ ತುಂಬ ಬಿಳಿ ಹೂವು. ಆಮೇಲೆ ಕಾಯಿ. ಇಬ್ಬನಿ ಇನ್ನೂ ಆರದ ಒಂದು ಬೆಳಿಗ್ಗೆ ರಂಗಯ್ಯನವರು ನನ್ನನ್ನೂ ಸಾಕ್ಷಿಗೆ ಕರೆದರು. ಗೌರಮ್ಮ ಒಂದು ಕಾಯಿ ಕಿತ್ತು, ಎರಡು ಬೆರಳಲ್ಲಿ ಉಜ್ಜಿ, ಮೂಸಿದರು. ಇನ್ನೊಂದು ಬಕೆಟ್ಟಿನದು ಕಿತ್ತು ಮೂಸಿದರು. ಆಕೆ ಧಡಧಡ ಮೆಟ್ಟಿಲಿಳಿದು, ಬೀದಿಗೆ ಹೋಗಿ, ಹಾಲಿನವನಿಂದ ಹಿಡಿದು ಎದುರು ಮನೆಯ ಸೊಸೆಯವರೆಗೆ ಸಿಕ್ಕಸಿಕ್ಕವರ ಮೂಗಿಗೆ ಕೈ ಹಿಡಿದರು: "ಮೂಸ್ನೋಡಿ! ನಮ್ಮಪ್ಪನ ಹೊಲದ್ ಸೊಗಡು! ನಮ್ಮ ತಾರಸೀದು!"

ಮೇಲೆ ರಂಗಯ್ಯನವರು ಕೈಕಟ್ಟಿ ನಿಂತು ನೋಡುತ್ತಿದ್ದರು. ಕಣ್ಣು ತುಂಬಿತ್ತು. "ಗಾಡಿ ಸ್ಟ್ಯಾಂಡಿಗೆ ಬಂತು ಮೇಷ್ಟ್ರೇ," ಎಂದರು. ಅಂದು ಮಹಡಿಯಲ್ಲಿ ಉಂಡ ಹಿತಕವರೆ ಸಾರು, ಮುದ್ದೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ನಾನು ಹೊರಡುವಾಗ ರಂಗಯ್ಯನವರು ಹೆಂಡತಿಗೆ ಕೇಳುವಂತೆ, "ಬಸ್ ಓಡಿಸ್ತೀನಿ ಅಂದಿದ್ರು, ಡಿಪೋಗೆ ಹೇಳಿವ್ನಿ" ಎಂದರು.

ಆಮೇಲೆ ನನಗೆ ಚನ್ನಪಟ್ಟಣಕ್ಕೆ ವರ್ಗವಾಯಿತು. ಹೋದ ಆಷಾಢದಲ್ಲಿ ರಂಗಯ್ಯನವರು ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು. ಸಂಕ್ರಾಂತಿ ಕಳೆದ ಮೇಲೆ ರಾಮನಗರದಲ್ಲಿ ಬಸ್ಸು ಹತ್ತಿ ಮಾಗಡಿಗೆ ಹೊರಟೆ. ಬರಿದಾದ ತಾರಸಿಯನ್ನು ಹೇಗೆ ನೋಡುವುದೆಂದು ದಾರಿಯುದ್ದಕ್ಕೂ ಅಳುಕುತ್ತಿದ್ದೆ.

ಹಂಪ್ಸಿನ ಹತ್ತಿರ ಬಸ್ಸು ನಿಧಾನಿಸಿತು. ಚಕ್ರದ ಕೆಳಗೆ ಚರಚರ ಸದ್ದು. ಕಿಟಕಿಯಿಂದ ತಲೆ ಹೊರಹಾಕಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊರಳಿಗೆ ಅದೇ ಟವೆಲ್ಲು ಸುತ್ತಿಕೊಂಡು ಗೌರಮ್ಮ ರಸ್ತೆಯಂಚಿನಲ್ಲಿ ನಿಂತು ಕೈ ಬೀಸುತ್ತಿದ್ದರು.

"ಎಡಕ್ಕಪ್ಪಾ! ಇನ್ನೂ ಒಸಿ ಎಡಕ್ಕೆ!"

ಡ್ರೈವರು ಎಡಕ್ಕೆ ಹತ್ತಿಸಿದ.