ಕೆರೆಯ ಮೂಗಿನ ಅಳತೆ

ಅಳತೆ ಹಗ್ಗದ ಒಂಬತ್ತನೆಯ ಗಂಟಿಗೆ ಕಟ್ಟಿದ್ದ ಕೆಂಪು ದಾರ ನೀರಿನಲ್ಲಿ ಬಣ್ಣ ಬಿಡುತ್ತಿತ್ತು. ಕೂದಲೆಳೆಯಷ್ಟು ತೆಳುವಾದ ಕೆಂಪು ನನ್ನ ಮೊಣಕಾಲ ಪಕ್ಕದಿಂದ ಹೊರಟು, ದಂಡೆಯಲ್ಲಿ ಕೊಡ ಹಿಡಿದು ನಿಂತಿದ್ದ ಹೆಂಗಸರ ಕಡೆಗೆ ಸರಿಯುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಭೂಗೋಳದ ಎಂ.ಎ. ಓದುತ್ತಿದ್ದ ನಾನು, ಪ್ರಬಂಧಕ್ಕೆಂದು ದೊಡ್ಡವ್ವನ ಊರಿನ ನಕ್ಷೆ ಬರೆಯಲು ಬಂದಿದ್ದೆ. ಮೊರಬದಲ್ಲಿ ಬಸ್ಸಿಳಿದು ಎರೆಹೊಲಗಳ ನಡುವೆ ಒಂದು ತಾಸು ನಡೆದರೆ ಸಿಗುವ ಸಣ್ಣ ಊರು. ಅಲ್ಲಿ ನೆಲ ಕೆರೆಯೊಳಗೆ ಚಾಚಿಕೊಂಡಿತ್ತು. ಮೂರು ಕಡೆ ನೀರು. ನನ್ನ ಪುಸ್ತಕ ಅದನ್ನು ಪರ್ಯಾಯ ದ್ವೀಪ ಎನ್ನುತ್ತಿತ್ತು, ಊರವರು ಕೆರೆಯ ಮೂಗು ಎನ್ನುತ್ತಿದ್ದರು. ಬುಡದಲ್ಲಿ ಮಣ್ಣಿನ ಮಾಳಿಗೆಯ ಮನೆಗಳು, ತುದಿಯಲ್ಲಿ ಒಂದು ಬೇವಿನ ಮರ. ಬಾವಿಗಳೆಲ್ಲ ಸವುಳು. ಕುಡಿಯಲು ಈ ಕೆರೆಯೊಂದೇ. ದನಕ್ಕೂ ಬಟ್ಟೆಗೂ ಊರಾಚೆ ಬೇರೆ ಹೊಂಡವಿತ್ತು.

ಎರಡು ದಂಡೆಗಳನ್ನು ಅಳೆದಾಗಿತ್ತು. ಮೂಗಿನ ತುದಿಯೊಂದು ಉಳಿದಿತ್ತು. ಸೋಮವಾರ ನಕ್ಷೆ ಒಪ್ಪಿಸದಿದ್ದರೆ ಒಂದು ವರ್ಷ ಹೋಗುತ್ತಿತ್ತು. ತುದಿಯ ದಂಡೆಗೆ ಜಾಲಿ ಕವಿದಿದ್ದರಿಂದ ನೀರಿಗಿಳಿದೆ. ಚಪ್ಪಲಿ ಬಿಟ್ಟೇ ಬಂದಿದ್ದೆ. ನಮ್ಮೂರು ಸಂಶಿಯಲ್ಲಿ ಮನೆಗೆ ಹಿತ್ತಲ ಬಾವಿಯಿತ್ತು. ಬರಿಗಾಲೂ ಕೆರೆಗೆ ತಾಕಬಾರದೆಂದು ನನಗೆ ತಿಳಿದಿರಲಿಲ್ಲ.

“ಏ ತಂಗಿ, ಹೊರಗ ಬಾ! ಕುಡಿಯೂ ನೀರಾಗ ಯಾರರೆ ಕಾಲಿಡ್ತಾರನ?”

“ಧಾರವಾಡದಾಗ ಕಲ್ತು ಬಂದಾಳ. ಕೆರಿ ಯಾವುದು, ದನದ ಹೊಂಡ ಯಾವುದು, ಅದೊಂದ ಕಲಿಸಿಲ್ಲ ನೋಡ!”

ಅವರಲ್ಲಿ ಹಿರಿಯಳಾದ ಅಜ್ಜಿ ಆಗಷ್ಟೇ ತುಂಬಿದ್ದ ಕೊಡವನ್ನು ನೆಲಕ್ಕೆ ಸುರಿದಳು. ನಂತರ, “ಆ ಹಗ್ಗ ಹಿಡಕೊಂಡ ಇನ್ನ ಈ ಕಡೆ ಬರಬ್ಯಾಡ” ಎಂದಳು. ನನ್ನ ನಕ್ಷೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಆಗ ದೊಡ್ಡವ್ವನ ಬಾಜು ಮನೆಯ ಚಾಚಿ ಮುಂದೆ ಬಂದಳು. ಜಮಖಾನೆ ನೇಯುವವಳು, ಗಂಟುಗಳ ಗುರುತಿಗೆ ದಾರ ಕೊಟ್ಟವಳು ಅವಳೇ.

“ಬಣ್ಣ ನಂದು, ಕಾಲು ಅಕೀವು. ಬೈಯೂದಿದ್ರ ಇಬ್ರಿಗೂ ಬೈರಿ.”

“ಹಿಂಗ ಬಣ್ಣ ಬಿಟ್ರ ನಿನ್ನ ಜಮಖಾನಿ ಯಾರ ತಗೋತಾರ ಬೇ?” ಎಂದಳು ಒಬ್ಬಳು.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

“ತಪ್ಪಾತ್ರಿ ಅಜ್ಜಿ, ಗೊತ್ತಿರಲಿಲ್ರಿ” ಎನ್ನುತ್ತ ದಂಡೆ ಹತ್ತಿದೆ. ಸೀರೆಯಂಚಿನಿಂದ ನೀರು ಸೋರುತ್ತಿತ್ತು.

“ಏನ ಅಳಿಯಾಕ ಹೋಗಿದ್ದಿ?”

“ಬೇವಿನ ಗಿಡದಿಂದ ಆ ಮೂಲಿ ಕಲ್ಲಿನ ತನಕ್ರಿ. ಜಾಲಿ ಅಡ್ಡ ಬಂತು.”

“ಅದಕ್ಕ ನೀರಾಗ ಇಳೀಬೇಕ? ತುಂಬಿದ ಕೊಡ ಹೊತ್ರ ನೂರಾ ಹನ್ನೆರಡ ಹೆಜ್ಜಿ. ಖಾಲಿ ಇದ್ರ ತೊಂಬತ್ತು. ಜಾಲಿ ಒಳಗ ನಮ್ಮ ದಾರಿ ಐತಿ, ನಿನಗ ಕಂಡಿಲ್ಲ.” ಬರಿದಾದ ಕೊಡವನ್ನು ಸೊಂಟಕ್ಕೇರಿಸಿ ಅಂದಳು: “ನಾಳೆ ಹಗ್ಗ ಬಿಟ್ಟು ಕೊಡ ತಗೊಂಡ ಬಾ.”

ಆಗಲೇ ಅಳೆದಿದ್ದ ಎರಡು ದಂಡೆಗಳಿಗೆ ಎಷ್ಟು ಹೆಜ್ಜೆ ಎಂದು ಕೇಳಿದೆ. ತಡವರಿಸದೆ ಹೇಳಿದಳು. ಮನೆಗೆ ಬಂದು, ಚಿಕ್ಕ ದಂಡೆಯಿಂದ ಅವಳ ಹೆಜ್ಜೆಯ ಉದ್ದ ಕಂಡುಕೊಂಡು ನನ್ನ ಲೆಕ್ಕದೊಂದಿಗೆ ಹೋಲಿಸಿದಾಗ, ಉದ್ದನೆಯ ದಂಡೆಯಲ್ಲಿ ಎರಡು ಮಾರಿನಷ್ಟು ಮಾತ್ರ ಅಂತರವಿತ್ತು. ಅಷ್ಟು ಅಂತರ ನನ್ನ ಹಗ್ಗದ ತಪ್ಪೇ ಇದ್ದೀತು.

ಆ ಸಂಜೆ ದೊಡ್ಡವ್ವನ ಕಟ್ಟೆಯ ಮೇಲೆ ಅದೇ ಹೆಂಗಸರು ಬಂದು ಕೂತರು. ಸುಗ್ಗಿಯ ಮಾತಾಯಿತು, ಯಾರದೋ ಬಾಣಂತನದ ಮಾತಾಯಿತು. ಕೆರೆಯ ಮಾತು ಒಬ್ಬಳೂ ಎತ್ತಲಿಲ್ಲ. ದೊಡ್ಡವ್ವ ತೀರಿಕೊಳ್ಳುವವರೆಗೂ ನನ್ನ ತಪ್ಪು ಅವಳ ಕಿವಿಗೆ ಬೀಳಲಿಲ್ಲ. ಅವರ ಈ ಉಪಕಾರವನ್ನು ನಾನು ಯಾರೆದುರೂ ಹೇಳಿಕೊಂಡವಳಲ್ಲ. ಇಲ್ಲಿ ಬರೆದಿಡುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಹಗ್ಗವನ್ನು ಗೂಟಕ್ಕೆ ತೂಗುಹಾಕಿ, ಕೊಡ ಹಿಡಿದು ಹೋದೆ. ಕಲ್ಲಿನ ಮೇಲೆ ಕುಳಿತು, ಬಾಗಿ ನೀರು ತುಂಬಿಕೊಂಡೆ. ಅಜ್ಜಿಯ ಹಿಂದೆ ಜಾಲಿಯೊಳಗಿನ ದಾರಿಯಲ್ಲಿ ಎಣಿಸುತ್ತ ನಡೆದೆ. ನನಗೆ ನೂರಾ ಮೂವತ್ತೊಂದು ಹೆಜ್ಜೆ ಬಂತು. ನಕ್ಷೆಗೆ ಅವಳ ನೂರಾ ಹನ್ನೆರಡನ್ನೇ ತೆಗೆದುಕೊಂಡೆ. ಕೊಡವನ್ನು ಚಾಚಿಯ ಹೊಸ್ತಿಲಲ್ಲಿ ಇಳಿಸಿ, ಅವಳ ಖಾಲಿ ಕೊಡ ಹಿಡಿದು ಮತ್ತೆ ಕೆರೆಗೆ ಹೋದೆ.