ಮಲ್ಲಿಗೆಯ ಪಾಲು

ಹೊಸದನ್ನು ಕಲಿಸಲು ಬಂದವರ ಮುಂದೆ ಏನೂ ಗೊತ್ತಿಲ್ಲದವನಂತೆ ಕೂರುವುದು ನನಗೆ ಬಹಳ ಇಷ್ಟ. ಮೊನ್ನೆ ನಮ್ಮ ಓಣಿಯ ವಾಚನಾಲಯಕ್ಕೊಂದು ವೆಬ್‌ಸೈಟ್ ಮಾಡಿಸಲು ಹೋಗಿದ್ದೆ. ಕಂಪ್ಯೂಟರ್ ಅಂಗಡಿಯ ಹೆಣ್ಣುಮಗಳು, "ಈ ಹೆಸರು ಖಾಲಿ ಇಲ್ರಿ ಅಜ್ಜಾರ, ಬ್ಯಾರೆದವ್ರು ಹಿಡದಾರ" ಅಂದಳು. ಆಮೇಲೆ ತಾಳ್ಮೆಯಿಂದ ತಿಳಿಸಿದಳು: ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಬರೆಯುವ ಎರಡಕ್ಷರ ನಮ್ಮ ದೇಶದ್ದು, ಅದರ ಕೆಳಗಿನ ಹೆಸರುಗಳಿಗೆಲ್ಲ ಒಂದೇ ದಫ್ತರ, ಒಂದು ಹೆಸರು ಒಬ್ಬರಿಗೇ, ಮೊದಲು ಕೇಳಿದವರಿಗೆ, ಅವಧಿ ಮುಗಿದಾಗ ನವೀಕರಿಸದಿದ್ದರೆ ಕೈಬಿಟ್ಟಂತೆ. ನಾನು ಬಾಯಿ ತೆರೆದು ಕೇಳಿದೆ. ಇದೇ ಕೆಲಸವನ್ನು ಎಪ್ಪತ್ತರ ದಶಕದಲ್ಲಿ ಮುಂಡರಗಿಯ ತಾರು ಕಚೇರಿಯಲ್ಲಿ ಕೂತು, ಶಾಯಿ ಪೆನ್ನು ಹಿಡಿದು ನಾನೇ ಮಾಡುತ್ತಿದ್ದೆ ಎಂದು ಹೇಳಿ ಅವಳ ಉತ್ಸಾಹ ಕೆಡಿಸಲಿಲ್ಲ.

ತಾರು, ಅಂದರೆ ಟೆಲಿಗ್ರಾಂ. ಅದರಲ್ಲಿ ಶಬ್ದಕ್ಕಿಷ್ಟು ಎಂದು ದರ, ವಿಳಾಸದ ಶಬ್ದಗಳಿಗೂ ಸೇರಿ. ಹಾಗಾಗಿ ವ್ಯಾಪಾರಿಗಳು ಉದ್ದ ವಿಳಾಸದ ಬದಲು ಒಂದೇ ಶಬ್ದದ ಹೆಸರನ್ನು ನಮ್ಮಲ್ಲಿ ನೋಂದಾಯಿಸುತ್ತಿದ್ದರು. ಮುಂಬಯಿಯಿಂದ "ಲಕ್ಷ್ಮಿ, ಮುಂಡರಗಿ" ಎಂದು ಬಂದರೆ, ನಾನು ದಪ್ಪ ರಜಿಸ್ಟರ್ ತೆಗೆದು ಲಕ್ಷ್ಮಿ ಯಾವ ಅಂಗಡಿಯಲ್ಲಿ ವಾಸವಾಗಿದ್ದಾಳೆಂದು ನೋಡಿ ಕಳಿಸಬೇಕು. ಗದಗಿನಲ್ಲೊಬ್ಬಳು ಲಕ್ಷ್ಮಿ, ಲಕ್ಷ್ಮೇಶ್ವರದಲ್ಲೊಬ್ಬಳು ಲಕ್ಷ್ಮಿ ಇದ್ದರೆ ತಕರಾರಿಲ್ಲ. ಒಂದೇ ಊರಿನಲ್ಲಿ ಇಬ್ಬರು ಮಾತ್ರ ಕೂಡದು. ಅಂಗಡಿ ಬದಲಾದರೆ ಹೆಸರು ಹಾಗೇ ಇರುತ್ತಿತ್ತು, ರಜಿಸ್ಟರಿನಲ್ಲಿ ಜಾಗವನ್ನಷ್ಟೇ ತಿದ್ದುತ್ತಿದ್ದೆ.

ನಮ್ಮ ಕಡೆಯ ಅಡ್ಡಹೆಸರುಗಳದೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ. ನನ್ನದು ಅಸುಂಡಿ, ಹುಟ್ಟಿದೂರಿನ ಹೆಸರೇ. ಅಸುಂಡಿಯಲ್ಲೇ ನಿಂತು "ಅಸುಂಡಿಯವರ" ಎಂದು ಕೂಗಿದರೆ ಒಂದು ನಾಯಿಯೂ ತಿರುಗಿ ನೋಡುವುದಿಲ್ಲ. ಅಲ್ಲಿ ನಾನು ಗುಡಿ ಭಟ್ಟರ ಮಗ ಅಷ್ಟೇ. ಬಸ್ಸಿಳಿದು ಮುಂಡರಗಿಯಲ್ಲಿ ಕಾಲಿಟ್ಟ ದಿನವೇ ನಾನು ಅಸುಂಡಿಯವರಾದೆ. ಹೆಸರುಗಳ ಈ ಮರ್ಮವೆಲ್ಲ ತಿಳಿದವನು, ಮೇಲಾಗಿ ರಜಿಸ್ಟರ್ ಇಟ್ಟುಕೊಂಡವನು ಎಂದು ನನಗೆ ಆಗ ಸ್ವಲ್ಪ ಸೊಕ್ಕೂ ಇತ್ತು.

ಅದನ್ನು ಇಳಿಸಿದವರು ಹತ್ತಿ ವ್ಯಾಪಾರದ ಅಣ್ಣತಮ್ಮಂದಿರಾದ ಚನ್ನಬಸಪ್ಪ ಮತ್ತು ಶೇಖಪ್ಪ. ಅವರ ತಂದೆ "ಮಲ್ಲಿಗೆ" ಎಂಬ ಹೆಸರು ಹಿಡಿದಿದ್ದರು. ಹತ್ತಿಯ ಬಿಳುಪು ನೋಡಿ ಇಟ್ಟಿದ್ದಿರಬೇಕು. ತಂದೆ ತೀರಿದ ಮೇಲೆ ಮನೆ ಪಾಲಾಯಿತು. ಹೊಲ, ಗಾಡಿ, ಉಗ್ರಾಣ ಎಲ್ಲ ಎರಡಾದವು. ರಸ್ತೆಯ ಆಚೆ ಈಚೆ ಎದುರುಬದುರು ಎರಡು ಅಂಗಡಿಗಳಾದವು. ಮಲ್ಲಿಗೆ ಮಾತ್ರ ಎರಡಾಗಲಿಲ್ಲ. ಹೊರಗಿನ ಗಿರಣಿಗಳಿಗೆ ಗೊತ್ತಿದ್ದದ್ದು ಆ ಹೆಸರೊಂದೇ. ಅದು ಯಾರಿಗೆ ಹೋಗುತ್ತದೋ ವ್ಯಾಪಾರ ಅವರದು, ಇನ್ನೊಬ್ಬರು ಬಾಗಿಲು ಹಾಕಬೇಕು. ಒಂದು ಮುಂಜಾನೆ ಇಬ್ಬರೂ ನನ್ನ ಕಿಟಕಿಗೆ ಬಂದರು.

"ಹೆಸರು ಹಿರೇ ಮಗಗ ಬರಬೇಕ್ರಿ," ಎಂದ ಚನ್ನಬಸಪ್ಪ.

"ಹತ್ತಿ ನೋಡಿ ಆರಸಾಂವ ನಾ. ಹೆಸರು ಉಳದದ್ದು ಅದರಿಂದ್ರಿ," ಎಂದ ಶೇಖಪ್ಪ.

ನನಗೆ ರಜಿಸ್ಟರಿನ ಕೊನೆಯ ಕಾಲಂ ನೆನಪಾಯಿತು. ಹಗಲು ಅಂಗಡಿಗೆ, ಸಂಜೆ ಮನೆಗೆ ಎಂದು ಯಾವ ಹೊತ್ತಿಗೆ ಎಲ್ಲಿ ಮುಟ್ಟಿಸಬೇಕೆಂದು ಬರೆಯುವ ಜಾಗ ಅದು. ಹೆಸರನ್ನು ಇಬ್ಬರಿಗೂ ಕೂಡಿಸಿ ನೋಂದಾಯಿಸಿ, ಹನ್ನೆರಡು ಗಂಟೆಯವರೆಗೆ ಅಣ್ಣನ ಅಂಗಡಿ, ಆಮೇಲೆ ತಮ್ಮನದು ಎಂದು ಬರೆದೆ. ಇನ್ನೊಬ್ಬನಿಗೆ ಪೂರ್ತಿ ಸಿಗಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಇಬ್ಬರೂ ಸಹಿ ಹಾಕಿದರು. ಆ ದಿನವೆಲ್ಲ ನಾನು ನ್ಯಾಯಾಧೀಶನ ಠೀವಿಯಲ್ಲೇ ಚಹಾ ಕುಡಿದೆ.

ಆದರೆ ತಾರು ಹೊತ್ತು ನೋಡಿ ಬರುತ್ತದೆಯೇ? ತಮ್ಮನ ಗಿರಾಕಿಯ ತಾರು ಮುಂಜಾನೆ ಬಂದು ಅಣ್ಣನಿಗೆ ಮುಟ್ಟುತ್ತಿತ್ತು, ಅಣ್ಣನದು ಇಳಿಹೊತ್ತಿಗೆ ತಮ್ಮನಿಗೆ. ಕಳಿಸಿದವರ ಹೆಸರು ನೋಡಿದರೆ ಯಾರದೆಂದು ಅವರಿಗೆ ತಿಳಿಯುತ್ತಿತ್ತು. ಬಚ್ಚಿಟ್ಟು ಕಿತ್ತಾಡಿ ಕೊನೆಗೆ ಇಬ್ಬರೂ ನನ್ನ ಮೇಲೆ ಬೀಳುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ಕಾದೆ. ಒಂದು ದೂರೂ ಬರಲಿಲ್ಲ. ಮಾತು ಬಿಟ್ಟಿದ್ದ ಅಣ್ಣ ರಸ್ತೆ ದಾಟಿ ಹೋಗಿ ತಮ್ಮನ ತಾರನ್ನು ಅವನ ತಕ್ಕಡಿಯ ಮೇಲಿಟ್ಟು ಬರುತ್ತಿದ್ದ, ತಮ್ಮನೂ ಹಾಗೇ. ವರ್ಷಗಟ್ಟಲೆ ಇದು ನಡೆಯಿತು. ಬರಬರುತ್ತ, ಇಟ್ಟು ಬರಲು ಹೋದವರು ಒಂದಿಷ್ಟು ಹೊತ್ತು ಕೂತೂ ಬರುತ್ತಾರೆಂದು ತಾರು ಹಂಚುವ ನಮ್ಮ ಜವಾನ ಹೇಳತೊಡಗಿದ.

ಎಂಬತ್ತರ ದಶಕದಲ್ಲಿ ಚನ್ನಬಸಪ್ಪ ತೀರಿಕೊಂಡ. ಅವನ ಹೆಂಡತಿ, ಶೇಖಪ್ಪನ ವೈನಿ ಗಂಗವ್ವ ಅಂಗಡಿಯಲ್ಲಿ ಕೂತಳು. ಆ ವರ್ಷದ ನವೀಕರಣಕ್ಕೆ ಶೇಖಪ್ಪ ಒಬ್ಬನೇ ಬಂದ. ಉಳಿದ ಪಾಲುದಾರ ಅವನೊಬ್ಬನೇ, ಹೆಸರು ಪೂರ್ತಿ ಅವನದಾಗಲು ನಿಯಮದ ಅಡ್ಡಿಯೇನೂ ಇರಲಿಲ್ಲ. ಗಂಗವ್ವನನ್ನು ನೆನೆದು ನನಗೆ ಕೆಡುಕೆನಿಸಿತು. ಆದರೂ ಪೆನ್ನು ಹಿಡಿದು ಕೂತೆ.

"ಎಲ್ಲಾ ಹೊತ್ತಿನವೂ ವೈನಿ ಅಂಗಡಿಗೇ ಮುಟ್ಟಸ್ರಿ," ಎಂದ.

"ಮತ್ತ ನಿಮ್ಮವು?"

"ಅಣ್ಣಗ ನನ್ನ ಗಿರಾಕಿ ಗೊತ್ತಿದ್ರು, ನನಗ ಅವನವ್ರು ಗೊತ್ತಿದ್ರು. ಒಬ್ಬಾಂವ ಮುಚ್ಚಿಟ್ರ ಇನ್ನೊಬ್ಬಗ ಗೊತ್ತಾಗ್ತದಂತ ಇಬ್ರಿಗೂ ಅಂಜಿಕಿ ಇತ್ತು. ವೈನಿಗೆ ಯಾರೂ ಗೊತ್ತಿಲ್ಲ. ಆಕಿದೊಂದು ತಾರು ನಾ ಮುಚ್ಚಿಟ್ರ ಆಕಿಗೆ ತಿಳಿಯೂದ ಇಲ್ಲ. ನನ್ನ ಮ್ಯಾಲ ನನಗ ಅಷ್ಟು ಖಾತ್ರಿ ಇಲ್ರಿ."

"ಆಕಿ ನಿಮ್ಮವು ಇಟ್ಕೊಂಡ್ರ?"

"ಇಟ್ಕೊಳ್ಳಲಿ ಬಿಡ್ರಿ. ನೀವು ಬರ್ಕೋರಿ."

ಹನ್ನೆರಡು ಗಂಟೆಯ ನನ್ನ ನ್ಯಾಯವನ್ನು ನಾನೇ ಕಾಟು ಹೊಡೆದು, ಗಂಗವ್ವನ ಅಂಗಡಿ ಎಂದು ಬರೆದೆ. ಅವನು ಬಗ್ಗಿ ಅದನ್ನು ಓದಿ, ಸರಿಯಿದೆ ಎಂದು ತಲೆಯಾಡಿಸಿ ಹೋದ. ಮೊದಮೊದಲು ಗಂಗವ್ವ ಬಂದ ತಾರನ್ನೆಲ್ಲ ಹಿಡಿದುಕೊಂಡು ರಸ್ತೆ ದಾಟುತ್ತಿದ್ದಳಂತೆ, ಯಾವುದು ಯಾರದೆಂದು ಅವನಿಂದಲೇ ಕೇಳಿಕೊಳ್ಳಲು. ಅವನು ಒಂದೊಂದನ್ನೇ ಗಟ್ಟಿಯಾಗಿ ಓದಿ, ಅವಳದನ್ನು ಮೊದಲು ಅವಳ ಕೈಗಿಟ್ಟು, ಆಮೇಲೆ ತನ್ನದನ್ನು ಎತ್ತಿಕೊಳ್ಳುತ್ತಿದ್ದನಂತೆ. ಹೆಸರುಗಳ ನಿಯಮಾವಳಿಯನ್ನು ಪೂರ್ತಿ ಬಾಯಿಪಾಠ ಮಾಡಿದವನು ನಾನು. ಹಕ್ಕು ಕೇಳಿಕೊಂಡು ನನ್ನ ಕಿಟಕಿಗೆ ಬಂದವರು ಲೆಕ್ಕವಿಲ್ಲ. ನನ್ನದನ್ನು ನನ್ನ ಕೈಗೆ ಕೊಡಬೇಡಿ ಎಂದು ಬರೆಸಿ ಹೋದವನು ಶೇಖಪ್ಪ ಒಬ್ಬನೇ.